ಕುದಿತ, ಆವಿ, ಬಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂದಿನ ಉತ್ತರಗಳಲ್ಲಿ ಎರಡು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಒಂದು ಕೆಜಿ ನೀರಿನ ತಾಪವನ್ನು 1 ಡಿಗ್ರಿ ಏರಿಸಲು ಬೇಕಾದ ಶಾಖ 4.19 ಕಿಲೋಜೌಲ್. ಕುದಿಯುತ್ತಿರುವ ಒಂದು ಕೆಜಿ ನೀರನ್ನು ಪೂರ್ತಿ ಆವಿ ಮಾಡಲು ಬೇಕಾದ ಶಾಖ 2,257 ಕಿಲೋಜೌಲ್. ತಾಪವನ್ನೆಲ್ಲ ಸೆಲ್ಸಿಯಸ್‌ನಲ್ಲೇ ಕೊಟ್ಟಿದೆ.

ಎಸರು ಮರಳಿದ ಮೇಲೂ ಉರಿ ಜೋರಾಗಿಟ್ಟರೆ ಬೇಗ ಬೇಯುತ್ತದೆಯೇ?

ಇಲ್ಲ. ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದರೆ ಅದರ ತಾಪ ಅಲ್ಲಿಗೇ ನಿಂತಿತು. ಆಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ, ಅಕ್ಕಿಗೋ ಬೇಳೆಗೋ ಅದರಿಂದ ಏನೂ ಸಿಗುವುದಿಲ್ಲ. ಕೊತಕೊತ ಕುದಿಯುವ ನೀರೂ ಸಣ್ಣ ಉರಿಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವ ನೀರೂ ಹೆಚ್ಚುಕಮ್ಮಿ ಒಂದೇ ಬಿಸಿ.

ಲೆಕ್ಕ ಹೀಗಿದೆ. ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೌಲ್ ಸಾಕು. ಅದನ್ನು ಪೂರ್ತಿ ಇಂಗಿಸಲು ಇದರ ಏಳು ಪಟ್ಟು ಬೇಕು. 2 ಕಿಲೋವ್ಯಾಟ್‌ನ ಗ್ಯಾಸ್ ಒಲೆಯಲ್ಲಿ ಶೇ 68ರಷ್ಟು ಶಾಖ ಪಾತ್ರೆಗೆ ಸೇರುತ್ತದೆ ಎಂದುಕೊಳ್ಳಿ. ಆಗ ಜೋರು ಉರಿಯಲ್ಲಿ ಕುದಿಯುವ ಪಾತ್ರೆಯಿಂದ ಸೆಕೆಂಡಿಗೆ 0.6 ಗ್ರಾಂ, ಅಂದರೆ ಗಂಟೆಗೆ ಎರಡು ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಒಲೆ ಗಂಟೆಗೆ ಸುಟ್ಟದ್ದು ಸುಮಾರು 155 ಗ್ರಾಂ ಗ್ಯಾಸ್. ಕುದಿ ಬಂದ ತಕ್ಷಣ ಸಿಮ್‌ಗೆ ಇಳಿಸಿ ಮುಚ್ಚಳ ಮುಚ್ಚಿದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ.

ಜೋರು ಉರಿ ಬೇಕಾಗುವ ಸಂದರ್ಭಗಳೂ ಇವೆ: ನೀರನ್ನು ಇಂಗಿಸಬೇಕಾದಾಗ (ಪಾಕ, ಬಾಸುಂದಿ), ಅಥವಾ ಶಾವಿಗೆಯಂಥದ್ದು ಅಂಟಿಕೊಳ್ಳದಂತೆ ನೀರು ತಾನೇ ಕದಡುತ್ತಿರಬೇಕಾದಾಗ.

ಕುದಿಯುವುದಕ್ಕೂ ಆವಿಯಾಗುವುದಕ್ಕೂ ಏನು ವ್ಯತ್ಯಾಸ?

ಆವಿಯಾಗುವುದು ಮೇಲ್ಮೈಯಲ್ಲಿ, ಎಲ್ಲ ತಾಪದಲ್ಲೂ, ಸದ್ದಿಲ್ಲದೆ ನಡೆಯುತ್ತದೆ. ನೆಲ ಒರೆಸಿದ ನೀರು ಒಣಗುವುದು ಹೀಗೇ. ಕುದಿತದಲ್ಲಿ ಆವಿ ನೀರಿನ ಒಡಲೊಳಗೇ ಗುಳ್ಳೆಯಾಗಿ ಹುಟ್ಟುತ್ತದೆ. ಹಾಗೆ ಹುಟ್ಟಿದ ಗುಳ್ಳೆ ಉಳಿಯಬೇಕಾದರೆ ಅದರೊಳಗಿನ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾಗಬೇಕು. 30 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಬರೀ 4.2 ಕಿಲೋಪಾಸ್ಕಲ್, ಗಾಳಿ ಒತ್ತುತ್ತಿರುವುದು ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್. ಹಾಗಾಗಿ ಗುಳ್ಳೆ ಹುಟ್ಟುವ ಮೊದಲೇ ಹಿಸುಕಿಹೋಗುತ್ತದೆ. 100 ಡಿಗ್ರಿಯಲ್ಲಿ ಎರಡೂ ಸರಿಸಮ.

ಇದನ್ನು ಕೈಯಾರೆ ನೋಡಬಹುದು. ಸೂಜಿ ಇಲ್ಲದ 10 ಮಿಲಿಲೀಟರ್ ಸಿರಿಂಜಿಗೆ 70 ಡಿಗ್ರಿ ಆಸುಪಾಸಿನ 2 ಮಿಲಿಲೀಟರ್ ನೀರು ಎಳೆದುಕೊಳ್ಳಿ, ಒಳಗಿನ ಗಾಳಿಯನ್ನು ಹೊರತಳ್ಳಿ, ಮೂತಿಯನ್ನು ರಬ್ಬರ್ ತುಂಡಿನಿಂದ ಬಿಗಿಯಾಗಿ ಒತ್ತಿಹಿಡಿದು ಹಿಡಿಕೆಯನ್ನು ಜೋರಾಗಿ ಹಿಂದಕ್ಕೆಳೆಯಿರಿ. ಒಲೆಯಿಲ್ಲದೆ ನೀರು ಕುದಿಯುತ್ತದೆ. ಹಿಡಿಕೆ ಬಿಟ್ಟರೆ ನಿಲ್ಲುತ್ತದೆ. ಮೊದಮೊದಲು ಏಳುವ ಗುಳ್ಳೆಗಳಲ್ಲಿ ನೀರಿನಲ್ಲಿ ಕರಗಿದ್ದ ಗಾಳಿಯೂ ಇರುತ್ತದೆ. ಎರಡು ಮೂರು ಸಲ ಎಳೆದು ಬಿಟ್ಟು, ಆ ಗಾಳಿಯನ್ನು ಹೊರಹಾಕಿದ ಮೇಲೆ ಕಾಣುವುದು ಆವಿಯೇ.

ಕುದಿ ಬರುವ ಮೊದಲೇ ತಳದಲ್ಲಿ ಸಣ್ಣ ಗುಳ್ಳೆ ಕಾಣುತ್ತವಲ್ಲ? ಆಮೇಲೆ ‘ಸುಂಯ್’ ಎನ್ನುವ ಸದ್ದು ಏನು?

ಮೊದಲಿನವು ಗಾಳಿಯ ಗುಳ್ಳೆಗಳು. ತಣ್ಣೀರಿನಲ್ಲಿ ಕರಗಿದ್ದ ಗಾಳಿ ನೀರು ಬಿಸಿಯಾದಂತೆ ಹೊರಬಂದು ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಸದ್ದು ಬರುವುದು ನಂತರ: ತಳದ ನೀರು ಕುದಿಬಿಂದು ಮುಟ್ಟಿ ಆವಿಗುಳ್ಳೆ ಏಳುತ್ತದೆ, ಆದರೆ ಮೇಲಿನ ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ಗುಳ್ಳೆ ಅಲ್ಲಿಗೆ ತಲುಪಿದೊಡನೆ ತಣಿದು ಕುಸಿಯುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಕುಸಿಯುವ ಸದ್ದೇ ಅದು. ಇಡೀ ಪಾತ್ರೆಯ ನೀರು ಕುದಿಬಿಂದುವಿಗೆ ಬಂದಾಗ ಕುಸಿತ ನಿಂತು ಸದ್ದು ಮೆತ್ತಗಾಗುತ್ತದೆ. ಕಿವಿಯಿಟ್ಟು ಕೇಳಿದರೆ, ಸದ್ದು ತಗ್ಗಿದ ಗಳಿಗೆಯೇ ಎಸರು ಮರಳುವ ಗಳಿಗೆ.

ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲವೇ?

ಕುದಿಯುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಸುಮಾರು 300 ಮೀಟರಿಗೆ ಕುದಿಬಿಂದು 1 ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಮಂಗಳೂರು, ಕಾರವಾರದಲ್ಲಿ 100. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97. ಮಡಿಕೇರಿಯಲ್ಲಿ 96ರ ಆಸುಪಾಸು. ಮುಳ್ಳಯ್ಯನಗಿರಿಯ ತುದಿಯಲ್ಲಿ ಸ್ಟವ್ ಹಚ್ಚಿದರೆ 94ರ ಒಳಗೇ ಕುದಿ ಬರುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88–89. ಎವರೆಸ್ಟ್ ತುದಿಯಲ್ಲಿ 70ರ ಹತ್ತಿರ. ಅಲ್ಲಿ ಬೇಳೆ ಬೇಯುವ ಮಾತೇ ಇಲ್ಲ.

ಮೂರು ಡಿಗ್ರಿ ಕಾಫಿಗೆ ಲೆಕ್ಕಕ್ಕಿಲ್ಲ. ತೊಗರಿಬೇಳೆ, ಕಡಲೆ, ಹುರುಳಿಗೆ ಲೆಕ್ಕಕ್ಕಿದೆ. ತಾಪ ಸ್ವಲ್ಪ ಇಳಿದರೂ ಬೇಯುವ ವೇಗ ಅದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಇಳಿಯುತ್ತದೆ.

ಹಾಗಾದರೆ ಕುಕ್ಕರ್ ಒಳಗೆ ಎಷ್ಟು ಬಿಸಿ? ವಿಷಲ್ ಎಣಿಸುವುದು ಸರಿಯೇ?

ಮನೆಬಳಕೆಯ ಕುಕ್ಕರ್‌ನ ವೇಯ್ಟ್ ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 1 ಕೆಜಿ ಹೆಚ್ಚು ಒತ್ತಡದಲ್ಲಿ ಎದ್ದೇಳುವಂತೆ ಇರುತ್ತದೆ. ಆ ಒತ್ತಡದಲ್ಲಿ ನೀರು ಕುದಿಯುವುದು ಕರಾವಳಿಯಲ್ಲಿ 120 ಡಿಗ್ರಿಗೆ, ಬೆಂಗಳೂರಿನಲ್ಲಿ 118ಕ್ಕೆ. ತೆರೆದ ಪಾತ್ರೆಯ 97ಕ್ಕೆ ಹೋಲಿಸಿದರೆ ಇದು 21 ಡಿಗ್ರಿ ಹೆಚ್ಚು. ಮುಕ್ಕಾಲು ಗಂಟೆ ಹಿಡಿಯುವ ಬೇಳೆ ಹತ್ತು ಹದಿನೈದು ನಿಮಿಷದಲ್ಲಿ ಬೆಂದು ಕೂರುವುದು ಇದರಿಂದ.

ವಿಷಲ್ ಎಣಿಕೆ ಒಳ್ಳೆಯ ಅಳತೆಯಲ್ಲ. ವಿಷಲ್ ಎಂದರೆ ಒತ್ತಡ ಮಿತಿ ಮುಟ್ಟಿತು, ಹೆಚ್ಚಾದ ಆವಿ ಹೊರಹೋಯಿತು ಎಂದಷ್ಟೇ. ಉರಿ ಜೋರಿದ್ದರೆ ಐದು ನಿಮಿಷದಲ್ಲಿ ನಾಲ್ಕು ವಿಷಲ್, ಸಣ್ಣಗಿದ್ದರೆ ಒಂದು. ಎರಡರಲ್ಲೂ ಒಳಗಿನ ತಾಪ ಸುಮಾರಾಗಿ ಒಂದೇ. ಸರಿಯಾದ ಕ್ರಮ ಇದು:

ನೀರು ಹಾಕಿ ಮುಚ್ಚಳ ಬಿಗಿದು, ವೇಯ್ಟ್ ಇಡದೆ ಜೋರು ಉರಿಯಲ್ಲಿಡಿ. ತೂತಿನಿಂದ ಆವಿ ಒಂದೇ ಸಮನೆ ರಭಸವಾಗಿ ಬಂದ ಮೇಲೆ ವೇಯ್ಟ್ ಇಡಿ. ಈ ಹಂತವನ್ನು ಬಹಳ ಮಂದಿ ಬಿಡುತ್ತಾರೆ. ಒಳಗೆ ಗಾಳಿ ಉಳಿದರೆ ಒತ್ತಡದ ಒಂದು ಪಾಲು ಗಾಳಿಯದ್ದಾಗುತ್ತದೆ, ಅಷ್ಟರಮಟ್ಟಿಗೆ ಆವಿಯ ತಾಪ ಕಡಿಮೆ. ಮೊದಲ ವಿಷಲ್ ಬಂದೊಡನೆ ಸಿಮ್ ಮಾಡಿ, ವೇಯ್ಟ್ ‘ಸ್‌ಸ್’ ಎನ್ನುತ್ತಿರುವಷ್ಟು ಮಾತ್ರ ಉರಿ ಉಳಿಸಿ. ಅಲ್ಲಿಂದ ನಿಮಿಷ ಎಣಿಸಿ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಎಂದೂ ತುಂಬಬೇಡಿ. ನೊರೆ ಬರುವ ಬೇಳೆಯಾದರೆ ಅರ್ಧ ಸಾಕು. ಬೇಳೆಯ ನೊರೆ ತೂತಿಗೆ ಹೊಕ್ಕು ಒಣಗಿದರೆ ವೇಯ್ಟ್ ಏಳುವುದಿಲ್ಲ, ಆಗ ಉಳಿದ ದಾರಿ ಸೇಫ್ಟಿ ವಾಲ್ವ್ ಒಂದೇ. ಪ್ರತಿ ಸಲ ತೊಳೆಯುವಾಗ ತೂತನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿ.

ಒತ್ತಡ ಇಳಿಯುವ ಮೊದಲೇ ಮುಚ್ಚಳ ತೆಗೆದರೆ ನಿಜಕ್ಕೂ ಏನಾಗುತ್ತದೆ?

ಒಳಗಿನ ನೀರು 118 ಡಿಗ್ರಿಯಲ್ಲಿದೆ. ಹೊರಗಿನ ಒತ್ತಡದಲ್ಲಿ ಅದು 97ಕ್ಕಿಂತ ಬಿಸಿಯಾಗಿ ನೀರಾಗಿರಲು ಸಾಧ್ಯವಿಲ್ಲ. ಹೆಚ್ಚುವರಿ 21 ಡಿಗ್ರಿಯ ಶಾಖ ಕಣ್ಣುಮಿಟುಕಿಸುವಷ್ಟರಲ್ಲಿ ಆವಿಯಾಗಿ ಹೊರಬೀಳಬೇಕು. ಕುಕ್ಕರ್‌ನಲ್ಲಿ 2 ಲೀಟರ್ ಸಾರು ಇದ್ದರೆ ಸುಮಾರು 75 ಗ್ರಾಂ ಆವಿ, ಗಾತ್ರದಲ್ಲಿ ನೂರು ಲೀಟರಿಗೂ ಮೇಲೆ. ಅದು ಮೇಲ್ಮೈಯಿಂದಷ್ಟೇ ಬರುವುದಿಲ್ಲ, ಬೇಳೆಯ ನಡುವಿನಿಂದಲೂ ಸಿಡಿಯುತ್ತದೆ, ಹಾಗಾಗಿ ಸಾರೆಲ್ಲ ಮುಖಕ್ಕೆ. ಮುಚ್ಚಳ ತಾನಾಗಿ ಸಡಿಲವಾಗುವವರೆಗೆ ಕಾಯುವುದೇ ಸರಿ. ಅವಸರವಿದ್ದರೆ ವೇಯ್ಟನ್ನು ಚಮಚದಿಂದ ತುಸುವೇ ಎತ್ತಿ ಆವಿ ಬಿಡಿ. ನೊರೆ ಬರತೊಡಗಿದರೆ ಕೂಡಲೇ ಬಿಟ್ಟುಬಿಡಿ.

ಆವಿ ತಗುಲಿದ ಸುಟ್ಟಗಾಯ ಬಿಸಿನೀರಿನದಕ್ಕಿಂತ ಯಾಕೆ ಕೆಟ್ಟದ್ದು?

100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ತಾಪಕ್ಕೆ ತಣಿಯುವಾಗ ಬಿಡುವ ಶಾಖ ಸುಮಾರು 265 ಜೌಲ್. ಅದೇ ತಾಪದ ಒಂದು ಗ್ರಾಂ ಆವಿ ಮೊದಲು ಚರ್ಮದ ಮೇಲೆ ನೀರಾಗಬೇಕು, ಆಗಲೇ 2,257 ಜೌಲ್ ಬಿಡುತ್ತದೆ, ಆಮೇಲೆ ಆ 265 ಬೇರೆ. ಇದೇ ಗುಪ್ತೋಷ್ಣ, 1760ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು. ಇಡ್ಲಿ ಬೇಯುವುದೂ ಇದರಿಂದಲೇ. ಆವಿ ತಣ್ಣನೆಯ ಹಿಟ್ಟಿನ ಮೇಲೆ ನೀರಾಗಿ ಶಾಖ ಸುರಿಯುತ್ತದೆ, ಹತ್ತು ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಅಂದಹಾಗೆ, ಪಾತ್ರೆಯ ಮೇಲೆ ಬೆಳ್ಳಗೆ ಕಾಣುವುದು ಆವಿಯಲ್ಲ, ಆವಿ ತಣಿದು ಆದ ನೀರಿನ ಕಣಗಳು. ಆವಿ ಕಣ್ಣಿಗೆ ಕಾಣುವುದಿಲ್ಲ. ಕುಕ್ಕರ್ ಮೂತಿಗೂ ಬಿಳಿ ಹಬೆಗೂ ನಡುವೆ ಖಾಲಿ ಕಾಣುವ ಜಾಗವಿದೆಯಲ್ಲ, ಕೈಯಿಡಬಾರದ ಜಾಗ ಅದೇ.

ಹಾಲು ಯಾಕೆ ಉಕ್ಕುತ್ತದೆ, ನೀರು ಯಾಕಿಲ್ಲ?

ನೀರಿನ ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಹಾಲಿನ ಗುಳ್ಳೆಗೆ ಪ್ರೋಟೀನಿನ ತೆಳುಪೊರೆ ಮೆತ್ತಿಕೊಳ್ಳುವುದರಿಂದ ಅದು ಒಡೆಯದೆ ನೊರೆಯಾಗಿ ಪೇರುತ್ತದೆ. ಮೇಲೆ ಕಟ್ಟಿದ ಕೆನೆ ಅದಕ್ಕೆ ಮುಚ್ಚಳ. ಮೇಲೆ ಹೇಳಿದ ಸೆಕೆಂಡಿಗೆ 0.6 ಗ್ರಾಂ ಆವಿ ಅಂದರೆ ಗಾತ್ರದಲ್ಲಿ ಒಂದು ಲೀಟರ್. ಅಂದರೆ ಜೋರು ಉರಿಯಲ್ಲಿ ಹಾಲಿನೊಳಗೆ ಪ್ರತಿ ಸೆಕೆಂಡಿಗೆ ಒಂದು ಲೀಟರ್ ಆವಿ ನುಗ್ಗುತ್ತಿರುತ್ತದೆ. ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಕಟ್ಟೆಯ ಮೇಲೆ ಚೆಲ್ಲುವುದರಲ್ಲಿ ಆಶ್ಚರ್ಯವೇನಿಲ್ಲ.

ಉಪಾಯ: ಅಗಲ ಬಾಯಿಯ ಪಾತ್ರೆ, ಅರ್ಧಕ್ಕಿಂತ ಕಡಿಮೆ ಹಾಲು, ಅಂಚಿನಲ್ಲಿ ಕಿರುಗುಳ್ಳೆ ಕಂಡೊಡನೆ ಸಣ್ಣ ಉರಿ, ಕೆನೆ ಒಡೆಯುವಂತೆ ಸೌಟಾಡಿಸುವುದು. ಬಾಯಿಗೆ ಅಡ್ಡಲಾಗಿ ಮರದ ಸೌಟು ಇಡುವುದು ಕೆಲಸ ಮಾಡುತ್ತದೆ, ಆದರೆ ಸೌಟು ಒದ್ದೆಯಾಗಿ ಬಿಸಿಯಾಗುವ ತನಕ ಮಾತ್ರ. ಜೋಡಿಗೋಡೆಯ ಹಾಲಿನ ಕುಕ್ಕರ್ ಇದಕ್ಕಿಂತ ಜಾಣತನದ ಸಾಧನ. ಗೋಡೆಗಳ ನಡುವೆ ನೀರು ಕುದಿಯುತ್ತದೆ, ಹಾಲು ಅದರ ತಾಪಕ್ಕೆ ಹತ್ತಿರವಾದಂತೆ ಶಾಖ ಹರಿಯುವುದೇ ಕಡಿಮೆಯಾಗುತ್ತದೆ, ಉಕ್ಕುವ ಪ್ರಶ್ನೆಯೇ ಇಲ್ಲ. ತಳ ಹತ್ತುವುದೂ ಇಲ್ಲ.

ಉಪ್ಪು ಹಾಕಿದರೆ ಕುದಿಬಿಂದು ಏರುತ್ತದೆ ಎನ್ನುತ್ತಾರಲ್ಲ?

ಏರುತ್ತದೆ, ಲೆಕ್ಕಕ್ಕೆ ಬಾರದಷ್ಟು. ಒಂದು ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ 0.2 ಡಿಗ್ರಿಗಿಂತಲೂ ಕಡಿಮೆ. ಉಪ್ಪು ರುಚಿಗೆ.

ಸಕ್ಕರೆ, ಬೆಲ್ಲ?

ಅಲ್ಲಿ ಕತೆ ಬೇರೆ, ಏಕೆಂದರೆ ಪ್ರಮಾಣ ಬೇರೆ. ಕುದಿಯುತ್ತ ನೀರು ಹೋದಂತೆ ಸಕ್ಕರೆ ಗಟ್ಟಿಯಾಗುತ್ತದೆ, ಕುದಿಬಿಂದುವೂ ಮೇಲೇರುತ್ತದೆ. ಅರ್ಧಕ್ಕರ್ಧ ಸಕ್ಕರೆ ಇರುವ ದ್ರಾವಣ ಸಮುದ್ರಮಟ್ಟದಲ್ಲಿ 102ಕ್ಕೆ ಕುದಿಯುತ್ತದೆ, ಶೇ 80 ಸಕ್ಕರೆ ಇದ್ದರೆ 112ರ ಸುಮಾರಿಗೆ. ಅಂದರೆ ಕುದಿಯುವ ಪಾಕದ ತಾಪ ನೋಡಿದರೆ ಅದರಲ್ಲಿ ನೀರು ಎಷ್ಟು ಉಳಿದಿದೆ ಎಂದು ಹೇಳಬಹುದು. ಒಂದೆಳೆ ಪಾಕವನ್ನು ಬೆರಳಲ್ಲಿ ಎಳೆದು ನೋಡುವುದೂ ಅದೇ ಅಳತೆ. ಎಳೆ ಬರುವುದು 104–106ರ ಸುಮಾರಿಗೆ.

ಮಂಡ್ಯದ ಆಲೆಮನೆಗಳಲ್ಲಿ ಕೊಪ್ಪರಿಗೆ ಇಳಿಸುವ ಹದವೂ ಇದೇ. ಕಬ್ಬಿನ ಹಾಲಿನಲ್ಲಿ ಸುಮಾರು ಶೇ 80 ನೀರು. 100 ಕೆಜಿ ಹಾಲಿನಿಂದ 80 ಕೆಜಿಯಷ್ಟು ನೀರು ಓಡಿಸಬೇಕು, ಅದಕ್ಕೇ ಸುಮಾರು 180 ಮೆಗಾಜೌಲ್ ಶಾಖ ಬೇಕು. ಕಬ್ಬಿನ ಒಣ ಸಿಪ್ಪೆಯನ್ನೇ ಒಲೆಗೆ ಹಾಕದಿದ್ದರೆ ಈ ಖರ್ಚು ಯಾರಿಗೂ ಗಿಟ್ಟದು. ಜೋನಿ ಬೆಲ್ಲವಾದರೆ 105–106ಕ್ಕೆ ಇಳಿಸುತ್ತಾರೆ, ಅಚ್ಚು ಬೆಲ್ಲಕ್ಕೆ 116–120. ಕೊನೆಯ ಹಂತದಲ್ಲಿ ನೀರು ಕಡಿಮೆ, ಶಾಖ ಹೀರಿಕೊಳ್ಳಲು ಏನೂ ಉಳಿದಿಲ್ಲ. ಅಲ್ಲಿಯತನಕ ನಿಧಾನವಾಗಿ ಏರಿದ ತಾಪ ಅಲ್ಲಿಂದ ಓಡುತ್ತದೆ. ಪಾಕ ಸೀಯುವುದು ಯಾವಾಗಲೂ ಕೊನೆಯ ಎರಡು ಮೂರು ನಿಮಿಷದಲ್ಲಿ, ಉರಿ ತಗ್ಗಿಸದಿದ್ದರೆ.

ಥರ್ಮಾಮೀಟರ್ ಇಟ್ಟುಕೊಂಡು ಪಾಕ ಮಾಡುವವರಿಗೆ ಒಂದು ಎಚ್ಚರಿಕೆ. ಪುಸ್ತಕದ ಅಂಕಿಗಳೆಲ್ಲ ಸಮುದ್ರಮಟ್ಟದವು. ಮೊದಲು ನಿಮ್ಮ ಮನೆಯಲ್ಲಿ ಬರೀ ನೀರು ಕುದಿಸಿ ಮಾಪಕ ಎಷ್ಟು ತೋರಿಸುತ್ತದೆ ನೋಡಿ. 97 ತೋರಿಸಿದರೆ ಎಲ್ಲ ಅಂಕಿಗಳಿಂದ 3 ಕಳೆಯಿರಿ. ಮಾಪಕದ್ದೇ ದೋಷವಿದ್ದರೂ ಈ ಒಂದೇ ಲೆಕ್ಕದಲ್ಲಿ ಹೊಂದಿಕೊಳ್ಳುತ್ತದೆ.

ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಹನಿ ಉರುಳಾಡುತ್ತದೆ, ಬೇಗ ಆರುವುದಿಲ್ಲ. ಯಾಕೆ?

ಹೆಂಚು ವಿಪರೀತ ಕಾದಿದೆ. ಹನಿ ತಗುಲಿದ ಕ್ಷಣವೇ ಅದರ ಅಡಿ ಆವಿಯಾಗಿ, ಆ ಆವಿಯ ತೆಳು ಪದರದ ಮೇಲೆ ಹನಿ ತೇಲುತ್ತದೆ. ಆವಿ ಶಾಖವನ್ನು ಲೋಹದಷ್ಟು ಸುಲಭವಾಗಿ ದಾಟಿಸುವುದಿಲ್ಲ, ಹಾಗಾಗಿ ಹನಿ ಬದುಕುತ್ತದೆ. ಜರ್ಮನಿಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ಬರೆದಿಟ್ಟ. ಹೆಂಚಿನ ನುಣುಪು, ಲೋಹ ಇವನ್ನು ಅವಲಂಬಿಸಿ ಇದು 160–200 ಡಿಗ್ರಿಯಿಂದ ಆಚೆಗೆ ಕಾಣಿಸುತ್ತದೆ.

1934ರಲ್ಲಿ ಜಪಾನಿನ ಶಿರೊ ನುಕಿಯಾಮಾ ಕಾದ ತಂತಿಯನ್ನು ನೀರಲ್ಲಿಟ್ಟು ಅಳೆದು ಇದರ ಪೂರ್ತಿ ಚಿತ್ರ ಕೊಟ್ಟರು. ಲೋಹ ಕುದಿಬಿಂದುವಿಗಿಂತ ಸುಮಾರು 30 ಡಿಗ್ರಿ ಹೆಚ್ಚು ಬಿಸಿಯಿರುವವರೆಗೆ ನೀರಿಗೆ ಹರಿಯುವ ಶಾಖ ಭರದಿಂದ ಏರುತ್ತದೆ, ಚದರ ಮೀಟರಿಗೆ ಸುಮಾರು 10 ಲಕ್ಷ ವ್ಯಾಟ್‌ವರೆಗೆ. ಅಲ್ಲಿಂದ ಮುಂದೆ ಆವಿಯೇ ಅಡ್ಡಗೋಡೆ. ಬಾಯ್ಲರ್ ಕೊಳವೆಗಳು ಸುಟ್ಟು ತೂತಾಗುವುದು ಈ ಮಿತಿ ದಾಟಿದಾಗ.

ದೋಸೆಗೆ: ಹನಿ ಚುರ್ ಎಂದು ಕ್ಷಣದಲ್ಲಿ ಆರಿದರೆ ಹದ. ಸುಮ್ಮನೆ ಕೂತು ಕುದಿದರೆ ಇನ್ನೂ ಕಾಯಬೇಕು. ಮಣಿಯಂತೆ ಉರುಳಿದರೆ ಉರಿ ತಗ್ಗಿಸಿ, ನೀರು ಚಿಮುಕಿಸಿ ಒರೆಸಿ, ಆಮೇಲೆ ಹಿಟ್ಟು ಹುಯ್ಯಿರಿ. ಇಲ್ಲದಿದ್ದರೆ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡು ಬರುತ್ತದೆ.

ಮಡಕೆ ನೀರು ಎಷ್ಟು ತಣ್ಣಗಾಗಬಲ್ಲದು?

ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲೆ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಮಡಕೆಯಿಂದಲೇ ಎಳೆದುಕೊಳ್ಳುತ್ತದೆ. 10 ಲೀಟರ್ ನೀರು 40ರಿಂದ 25ಕ್ಕೆ ಇಳಿಯಲು ಕಾಲು ಲೀಟರಿನಷ್ಟು ನೀರು ಆವಿಯಾದರೆ ಸಾಕು. ಸುತ್ತಲಿಂದ ಶಾಖ ಒಳಬರುವುದರಿಂದ ವಾಸ್ತವದಲ್ಲಿ ಇನ್ನಷ್ಟು ಬೇಕು. ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಕ್ಕಿಂತ ಕೆಳಗೆ ಮಾತ್ರ ಅದು ಇಳಿಯಲಾರದು. ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ, ತೇವಾಂಶ ಶೇ 20 ಇದ್ದರೆ ಆ ಮಿತಿ 22–23. ಮಂಗಳೂರಿನಲ್ಲಿ 33 ಡಿಗ್ರಿ, ಶೇ 70 ತೇವಾಂಶ ಇದ್ದರೆ ಮಿತಿ 28. ಬಿಸಿಲು ಹೆಚ್ಚಿರುವ ಊರಲ್ಲೇ ಮಡಕೆ ನೀರು ಹೆಚ್ಚು ತಂಪು. ಕೂಲರ್‌ಗೂ ಇದೇ ಮಾತು: ಕರಾವಳಿಯಲ್ಲಿ ಅದು ತೇವ ಹೆಚ್ಚಿಸುವ ಯಂತ್ರ ಅಷ್ಟೇ. ಒಣಹವೆಯ ಊರಲ್ಲೂ ಕಿಟಕಿ ಮುಚ್ಚಿ ಹಾಕಿದರೆ ಅರ್ಧ ಗಂಟೆಯಲ್ಲಿ ಕೋಣೆ ಜಿಗುಟಾಗುತ್ತದೆ. ಒದ್ದೆಗಾಳಿ ಹೊರಹೋಗಲು ದಾರಿ ಬೇಕೇ ಬೇಕು.

ಬಣ್ಣ ಬಳಿದ, ಹೊಳಪು ಲೇಪಿಸಿದ ಮಡಕೆ ತಣಿಸುವುದಿಲ್ಲ. ಹಳೆಯದಾದಂತೆ ಗಡಸು ನೀರಿನ ಸುಣ್ಣ ರಂಧ್ರ ಮುಚ್ಚುತ್ತದೆ, ಹೊರಮೈ ಒದ್ದೆಯಾಗದಿದ್ದರೆ ಹಾಗಾಗಿದೆ ಎಂದರ್ಥ. ಸೋಪು ಬೇಡ, ನಾರಿನಿಂದ ಗಟ್ಟಿಯಾಗಿ ಉಜ್ಜಿ. ನೆರಳಲ್ಲಿ, ಗಾಳಿಯಾಡುವ ಕಡೆ, ಒದ್ದೆ ಮರಳಿನ ಮೇಲಿಡಿ.

ಒಂದು ಬಕೆಟ್ ನೀರಿಗೆ ಹೀಟರ್ ರಾಡ್ ಎಷ್ಟು ಹೊತ್ತು? ರಾಡ್ ಯಾಕೆ ಸುಡುತ್ತದೆ?

20 ಲೀಟರ್, 20ರಿಂದ 45 ಡಿಗ್ರಿಗೆ: ಸುಮಾರು 2,100 ಕಿಲೋಜೌಲ್. 1,500 ವ್ಯಾಟ್ ರಾಡ್‌ಗೆ 23–24 ನಿಮಿಷ, ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಕರೆಂಟು. ರಾಡ್ ಬರೀ ತನ್ನ ಸುತ್ತ ಮತ್ತು ಮೇಲಿನ ನೀರನ್ನು ಕಾಯಿಸುತ್ತದೆ, ಕೆಳಗಿನದ್ದು ತಣ್ಣಗೇ ಉಳಿಯುತ್ತದೆ. ಆದ್ದರಿಂದ ಸುರುಳಿ ಬಕೆಟ್ ತಳಕ್ಕೆ ಹತ್ತಿರವಿರಲಿ, ಆದರೆ ಪ್ಲಾಸ್ಟಿಕ್ಕಿಗೆ ತಾಗದಿರಲಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ. ಲೋಹದ ಬಕೆಟ್ ಬೇಡವೇ ಬೇಡ.

ನೀರಿಲ್ಲದೆ ಆನ್ ಮಾಡಿದರೆ ರಾಡ್ ಕೆಂಪಗಾಗಿ ಒಡೆಯುತ್ತದೆ. 1,500 ವ್ಯಾಟ್ ಶಾಖ ಹುಟ್ಟುತ್ತಲೇ ಇರುತ್ತದೆ, ಸುತ್ತಲಿನ ಗಾಳಿ ಅದನ್ನು ನೀರಿನಷ್ಟು ವೇಗವಾಗಿ ಒಯ್ಯಲಾರದು. ಬೋರ್‌ವೆಲ್ ನೀರಿನಲ್ಲಿ ಇದೇ ಕೆಲಸ ನಿಧಾನವಾಗಿ ನಡೆಯುತ್ತದೆ. ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಸುಣ್ಣ ರಾಡ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಆ ಪದರದ ಉಷ್ಣವಾಹಕತೆ ತಾಮ್ರದ ನೂರರಲ್ಲೊಂದು ಪಾಲೂ ಇಲ್ಲ. ಶಾಖ ಹೊರಬರಲಾಗದೆ ಒಳಗಿನ ತಂತಿ ಕಾದು ಕಡಿಯುತ್ತದೆ. ಗೀಸರ್‌ನ ಎಲಿಮೆಂಟ್ ಹೋಗುವುದೂ ಬಹುತೇಕ ಹೀಗೇ. ತಿಂಗಳಿಗೊಮ್ಮೆ ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕಲಸಿ, ರಾಡ್‌ನ ಸುರುಳಿಯನ್ನಷ್ಟೇ ಅರ್ಧ ಗಂಟೆ ನೆನೆಸಿಟ್ಟು ತೊಳೆಯಿರಿ. ಚಾಕುವಿನಿಂದ ಕೆರೆಯಬೇಡಿ.

ಸ್ಟೀಲ್ ಪಾತ್ರೆಯಲ್ಲಿ ತಳ ಹತ್ತುತ್ತದೆ, ಅಲ್ಯೂಮಿನಿಯಂನಲ್ಲಿ ಅಷ್ಟಿಲ್ಲ. ಯಾಕೆ?

ಉಷ್ಣವಾಹಕತೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 237, ಬೀಡುಕಬ್ಬಿಣಕ್ಕೆ 50, ಸ್ಟೇನ್‌ಲೆಸ್ ಸ್ಟೀಲ್‌ಗೆ 15 (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್). ಸ್ಟೀಲ್‌ನಲ್ಲಿ ಜ್ವಾಲೆ ತಾಗಿದ ಜಾಗದ ಬಿಸಿ ಅಲ್ಲೇ ನಿಲ್ಲುತ್ತದೆ, ಅಕ್ಕಪಕ್ಕಕ್ಕೆ ಹರಡುವುದಿಲ್ಲ. ನೀರು, ತಿಳಿಸಾರು ಇದ್ದರೆ ತೊಂದರೆಯಿಲ್ಲ, ಅವು ತಾವೇ ಸುತ್ತಿ ಬಿಸಿ ಒಯ್ಯುತ್ತವೆ. ಗಟ್ಟಿ ಪಾಯಸ, ಗೊಜ್ಜು ಸುತ್ತಲಾರವು, ಬಿಸಿಯ ಮಚ್ಚೆಯ ಮೇಲೆ ನಿಂತಲ್ಲೇ ಸೀಯುತ್ತವೆ. ತಳದಲ್ಲಿ ತಾಮ್ರ ಅಥವಾ ಅಲ್ಯೂಮಿನಿಯಂ ಪದರ ಸೇರಿಸಿದ ದಪ್ಪ ಪಾತ್ರೆ ಇದಕ್ಕೆ ಸರಿಯಾದ ಪರಿಹಾರ.

ಮೈಕ್ರೋವೇವ್‌ನಲ್ಲಿ ಕಾಯಿಸಿದ ನೀರು ತೆಗೆದ ಮೇಲೆ ಸಿಡಿಯಬಹುದೇ?

ಹೌದು. ಹೊಸ ನುಣುಪಾದ ಲೋಟದಲ್ಲಿ ಗುಳ್ಳೆ ಹುಟ್ಟಲು ಗೀರು, ಕಲೆ ಇರುವುದಿಲ್ಲ. ನೀರು ಕುದಿಬಿಂದು ದಾಟಿ ಬಿಸಿಯಾದರೂ ಸುಮ್ಮನೆ ಕೂತಿರುತ್ತದೆ. ಚಮಚವೋ ಕಾಫಿಪುಡಿಯೋ ಬಿದ್ದೊಡನೆ ಒಮ್ಮೆಲೇ ಕುದಿದು ಮೇಲೆ ಚಿಮ್ಮುತ್ತದೆ. ಕಾಯಿಸುವಾಗಲೇ ಒಂದು ಮರದ ಕಡ್ಡಿ ಹಾಕಿಡಿ, ಒಮ್ಮೆ ಕುದಿಸಿದ ನೀರನ್ನೇ ಮತ್ತೆ ಕಾಯಿಸಬೇಡಿ, ಆಫ್ ಆದ ಮೇಲೆ ಅರ್ಧ ನಿಮಿಷ ಒಳಗೇ ಬಿಡಿ.

ಕುಡಿಯುವ ನೀರನ್ನು ಎಷ್ಟು ನಿಮಿಷ ಕುದಿಸಬೇಕು?

ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಹತ್ತು ಹದಿನೈದು ನಿಮಿಷ ಕುದಿಸಿದರೆ ಗ್ಯಾಸ್ ದಂಡ. ಅಷ್ಟೇ ಅಲ್ಲ, ಫ್ಲೋರೈಡ್, ನೈಟ್ರೇಟ್‌ನಂಥವು ಕುದಿತಕ್ಕೆ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ಅಂಥ ಬೋರ್‌ವೆಲ್ ನೀರಿಗೆ ಕುದಿಸುವುದು ಪರಿಹಾರವಲ್ಲ, ನೀರು ಪರೀಕ್ಷೆ ಮಾಡಿಸಿ ತಕ್ಕ ಶುದ್ಧೀಕರಣ ಯಂತ್ರ ಹಾಕಿಸಬೇಕು.